ಜೀಪಿನ ಕೆಳಗಿಂದ ಹೇಳಿದ ಸತ್ಯ

ಸ್ನೇಹಿತರೇ, ಎರಡು ವರ್ಷದಿಂದ ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಭಾವನ ಎರಡು ಲಕ್ಷ ಕಿಲೋಮೀಟರ್ ಓಡಿದ ಜೀಪಿನ ಬ್ರೇಕ್ ಆಯಿಲನ್ನು ಆಗ ನಾನು ಬದಲಿಸಿಯೇ ಇರಲಿಲ್ಲ. ಹಳೆ ಎಣ್ಣೆ ಇಳಿಸುವ, ಚಕ್ರದ ಹಿಂದಿನ ನಟ್ಟು ಬಿಚ್ಚಲಾಗದೆ, ಮೇಲಿನ ಡಬ್ಬಿಗಷ್ಟೇ ಹೊಸದನ್ನು ತುಂಬಿ "ಆತು" ಎಂದಿದ್ದೆ. ಶಾಲೆ ಬಿಟ್ಟರೂ ಗಾಡಿ ಕೆಲಸ ಬರುತ್ತದೆ ಎಂಬ ಹೆಸರೊಂದೇ ನನಗಿದ್ದದ್ದು; ಅದು ಕೆಡುವುದು ಬೇಡವಾಗಿತ್ತು.

ಇಂದು ಮತ್ತೆ ಎಣ್ಣೆ ಬದಲಿಸಲೆಂದು ಅಂಗಳದಲ್ಲಿ ಭಾವ ಬ್ರೇಕ್ ಒತ್ತುತ್ತಿದ್ದ, ನಾನು ಅಡಿಯಲ್ಲಿ ಮಲಗಿ ಅದೇ ನಟ್ಟನ್ನು ಈ ಸಲ ಹೇಗೋ ಸಡಿಲಿಸಿದೆ. ಬಾಟಲಿಗೆ ಕಪ್ಪು ಎಣ್ಣೆ ಇಳಿಯಿತು. ಭಾವ ಬಗ್ಗಿ ನೋಡಿದ.

"ಇದೆಂತದಾ, ಕಷಾಯ ಇದ್ದಂಗೆ ಇದ್ದು?"

ಅಡಿಯಿಂದಲೇ ಎಲ್ಲ ಹೇಳಿದೆ.

"ಹಾಂಗಾರೆ ಆನು ಎರಡು ವರ್ಷ ಅರಬೈಲ್ ಘಟ್ಟ ಇಳಿದಿದ್ದು ಎಂತರ ಮೇಲೆ?"

"ಅದೃಷ್ಟದ ಮೇಲೆ, ಭಾವ."

ಅವನು ಮತ್ತೆ ಬ್ರೇಕ್ ಒತ್ತಿದ. ಎಣ್ಣೆ ತಿಳಿಯಾಗುವವರೆಗೂ ಒತ್ತುತ್ತಲೇ ಇದ್ದ. ಕೊನೆಗೆ, "ನಾಳೆ ಘಟ್ಟಕ್ಕೆ ನೀನೂ ಬಾ. ಮುಂದಿನ ಸೀಟಲ್ಲೇ ಕೂತ್ಗ" ಎಂದ.

ಬೆಳಿಗ್ಗೆ ಆರಕ್ಕೆ ಹೊರಡುತ್ತಿದ್ದೇವೆ.