ಮೂತಿಯಿಂದ ತೆಗೆದ ಸೀಸ

ನಮ್ಮಣ್ಣನ ಕೈ ಅಂದು ನಡುಗಿರಲಿಲ್ಲ. ಗ್ಲೈಡರಿನ ಮೂತಿಯಲ್ಲಿದ್ದ ಸೀಸವನ್ನು ಅವನಿಗೆ ಹೇಳದೆ ತೆಗೆದವಳು ನಾನು. ಈ ಎರಡು ಮಾತುಗಳನ್ನು ಮೂರು ವರ್ಷ ನುಂಗಿಕೊಂಡು ಓಡಾಡಿದೆ. ಹೋದ ವಾರ ಅವನೆದುರಿಗೇ ಹೇಳಿಬಿಟ್ಟೆ. ಈಗ ಉಸಿರು ಸರಾಗವಾಗಿದೆ — ಹಾಗೆಂದು ಒಪ್ಪಿಕೊಳ್ಳುವುದಕ್ಕೂ ನಾಚಿಕೆಯಾಗುತ್ತದೆ.

ಅಣ್ಣ ವೀರೇಶ ದೇವದುರ್ಗದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಪೇಂಟರ್. ನಾನು ರಾಯಚೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಯಾರೋ ರಿಮೋಟಿನ ಗ್ಲೈಡರ್ ಎಂಬ ಪುಟ್ಟ ವಿಮಾನ ಹಾರಿಸುವುದನ್ನು ಮೊಬೈಲಿನಲ್ಲಿ ಕಂಡು ಅವನಿಗೆ ಹುಚ್ಚು ಹತ್ತಿತು, ನನಗೂ ಹತ್ತಿಸಿದ. ಅದಕ್ಕೆ ಮೋಟಾರಿಲ್ಲ. ಕೈಯಿಂದ ಎಸೆದರೆ ಗಾಳಿಯ ಮೇಲೆ ತೇಲಬೇಕು, ನೆಲದ ಮೇಲೆ ನಿಂತವನು ರಿಮೋಟಿನಿಂದ ದಾರಿ ತೋರಿಸಬೇಕು. ಹಗುರ ಕಟ್ಟಿಗೆ ಕೊಯ್ದು ರೆಕ್ಕೆಯ ಎಲುಬು ಕೂಡಿಸಿದವನು ಅವನು. ಮೇಲಿನ ತೆಳು ಹಾಳೆಯನ್ನು ಇಸ್ತ್ರಿಪೆಟ್ಟಿಗೆಯಿಂದ ಒಂದು ಸುಕ್ಕೂ ಇಲ್ಲದಂತೆ ಅಂಟಿಸಿದವಳು ನಾನು. ಆ ರೆಕ್ಕೆಯ ಮೇಲೆ ನನಗೆಷ್ಟು ಜಂಬವಿತ್ತೆಂದರೆ — ಗಿರಾಕಿಗಳ ಬ್ಲೌಸುಗಳು ಹೊಲಿಯದೆ ಬಿದ್ದಿದ್ದವು.

ಮೊದಲ ಸಲ ಹಾರಿಸಲು ಮಸರಕಲ್ ಹತ್ತಿರದ ಬೀಳು ಹೊಲಕ್ಕೆ ಹೋದೆವು. ರಿಮೋಟ್ ಇಲ್ಲದೆ ಸುಮ್ಮನೆ ಎಸೆದು ನೋಡಿದರೆ ಅದು ಸ್ವಲ್ಪ ದೂರ ಹೋಗಿ ಮಣ್ಣಿಗೆ ಮೂತಿ ಒರೆಸಿತು. ತೂಕ ಸರಿದೂಗಲೆಂದು ಅಣ್ಣ ಅದರ ಮೂತಿಯೊಳಗೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತುಂಬಿದ್ದ. "ಮೊದಲನೇ ದಿನ ಮೂತಿ ಭಾರನಽ ಇರ್ಲಿ. ಆಮ್ಯಾಲ ಒಂದೊಂದಽ ತೆಗದ್ರಾತು," ಅಂದ. ನನಗೆ ತಾಳ್ಮೆ ಎಲ್ಲಿತ್ತು? ಹಗುರಾದಷ್ಟೂ ದೂರ ಹೋಗುತ್ತದೆ ಎಂಬುದು ನನ್ನ ಹಟ. ಅವನು ಬೈಕಿನಿಂದ ರಿಮೋಟ್ ತರುವಷ್ಟರಲ್ಲಿ ಮುಚ್ಚಳ ಬಿಚ್ಚಿ ಗುಂಡುಗಳನ್ನೆಲ್ಲ ನನ್ನ ಪರ್ಸಿಗೆ ಸುರಿದುಕೊಂಡೆ.

"ಬ್ಯಾಲೆನ್ಸ್ ನೋಡಿಯೇನು?" ಎಂದು ಕೇಳಿದ.

"ನೋಡೀನಿ. ಬರೋಬ್ಬರಿ ಅದ."

ನೋಡಿರಲಿಲ್ಲ. ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದ್ದರೆ ಸಾಕಿತ್ತು, ಬಾಲ ಜೋತುಬೀಳುವುದು ಕಾಣುತ್ತಿತ್ತು. ಓಡಿ ಎಸೆದೆ. ಗ್ಲೈಡರ್ ಮೂತಿ ಮೇಲೆತ್ತಿ ಏರಿತು, ಇನ್ನೂ ಏರಿತು, ಒಂದು ಕ್ಷಣ ನಿಂತು ಬೆನ್ನಡಿಯಾಗಿ ಬಿತ್ತು. ರೆಕ್ಕೆ ಎರಡು ತುಂಡು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ — ಅಣ್ಣ ರಿಮೋಟ್ ಹಿಡಿದ ತನ್ನ ಬಲಗೈಯನ್ನೇ ನೋಡುತ್ತಿದ್ದ.

"ಕೈ ನಡುಗ್ತು ಬೇ. ಅಪ್ಪಗೂ ಹಿಂಗಽ ಸುರು ಆಗಿತ್ತು."

ನಮ್ಮಪ್ಪನ ಕೈ ಕಡೆಗಾಲದಲ್ಲಿ ಎಷ್ಟು ನಡುಗುತ್ತಿತ್ತೆಂದರೆ ಚಹಾವನ್ನು ನಾವೇ ಕುಡಿಸಬೇಕಿತ್ತು. ಅದು ತನಗೂ ಬಂದೀತೆಂಬ ದಿಗಿಲು ಅಣ್ಣನಿಗಿತ್ತು. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿದೆ. ಮನೆಗೆ ಹೋಗಿ ಹೇಳೋಣವೆಂದುಕೊಂಡೆ, ಆಮೇಲೆ ನಾಳೆ ಎಂದುಕೊಂಡೆ, ಆಮೇಲೆ —

ಅವನು ಕುಂಚ ಕೆಳಗಿಟ್ಟು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತ. ರೋಗವೇನಿಲ್ಲ ಎಂದು ಡಾಕ್ಟರು ಹೇಳಿದರೂ ನಂಬಲಿಲ್ಲ. ಕೈಯನ್ನು ದಿಟ್ಟಿಸಿದಷ್ಟೂ ಅದು ನಡುಗಿದಂತೆ ಕಾಣುತ್ತಿತ್ತಂತೆ. ಆಗಿನ್ನೂ ಕೂಸಾಗಿದ್ದ ಮಗಳು ಗೌರಿಯನ್ನು ಚಾಪೆಯ ಮೇಲೆ ಕುಳಿತು ತೊಡೆಗೆ ಹಾಕಿಕೊಳ್ಳುತ್ತಿದ್ದನೇ ಹೊರತು ನಿಂತು ಎತ್ತಿಕೊಳ್ಳುತ್ತಿರಲಿಲ್ಲ. ಕೈ ಬಿಟ್ಟೀತೆಂಬ ಹೆದರಿಕೆ.

ಹೋದ ವಾರ ಅಪ್ಪ ಮಗಳು ನನ್ನ ಅಂಗಡಿಗೆ ಬಂದಿದ್ದರು. ಗೌರಿ ಎರಡೂ ಕೈ ಮೇಲೆತ್ತಿ ಅವನ ಮುಂದೆ ನಿಂತಳು. ಅವನು ಎಂದಿನಂತೆ ಕೆಳಗೆ ಕುಳಿತುಬಿಟ್ಟ. ಅವಳು ನನ್ನ ಕಡೆ ತಿರುಗಿ, "ಅತ್ತೀ, ಅಪ್ಪ ನನ್ನ ಯಾಕ ಎತ್ಕೊಳ್ಳಂಗಿಲ್ಲ?" ಎಂದು ಕೇಳಿದಳು.

ಕತ್ತರಿ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಅಣ್ಣ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಒಂದೇ ಮಾತು — "ಎಷ್ಟು ತೆಗದಿದ್ದಿ?"

"ಎಲ್ಲಾ."

"ಎಲ್ಲಾ? ಹಂಗಾರ ಅದು ಅಷ್ಟರ ಏರಿದ್ದಽ ದೊಡ್ಡದು!" ಎಂದು ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿತು. ಆಮೇಲೆ ದನಿ ತಗ್ಗಿಸಿ, "ಮೂರು ವರ್ಸ ಬೇ... ಒಂದ್ ಮಾತು ಹೇಳಬಾರದಿತ್ತೇನು?" ಅಂದ.

ಅವನು ಎದ್ದು ನಿಂತ. ಬಗ್ಗಿ ಮಗಳ ಕಂಕುಳಿಗೆ ಕೈ ಹಾಕಿ ಒಮ್ಮೆಗೇ ಎತ್ತಿಕೊಂಡ. ಕೈ ಒಂದಿಷ್ಟೂ ಅಲುಗಲಿಲ್ಲ. ನನ್ನೆದೆಯ ಭಾರ ಇಳಿದದ್ದು ಆಗಲೇ, ಗೋಡೆಗೊರಗಿ ಅತ್ತುಬಿಟ್ಟೆ. ಗೌರಿ ಮಾತ್ರ ನಗಲಿಲ್ಲ. ಚೀರಿ ಅವನ ಕೊರಳಿಗೆ ಜೋತುಬಿದ್ದಳು, ಕೆಳಗೆ ನೋಡಲೂ ಹೆದರಿದಳು. ಅಪ್ಪನ ಹೆಗಲು ಎಷ್ಟು ಎತ್ತರದಲ್ಲಿದೆ ಎಂಬುದು ಆ ಮಗುವಿಗೆ ಗೊತ್ತೇ ಇರಲಿಲ್ಲ. ಗೊತ್ತಾಗದಂತೆ ಮಾಡಿದವಳು ನಾನು.