ಸಾಹೇಬರ ಬೋಗಿಯಲ್ಲಿ ತೂಗುವ ನೆಲುವು

ದೇವರಾಯನದುರ್ಗದ ನೆತ್ತಿ ಇನ್ನೂ ಮಂಜಿನಲ್ಲಿದೆ. ತುಮಕೂರು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಹಿಂದೆ, ಪಕ್ಕದ ಹಳಿಯ ಮೇಲೆ, ಒಂಟಿ ಬೋಗಿಯೊಂದು ನಿಂತಿದೆ. ತೇಗದ ಮೈ, ಹಿತ್ತಾಳೆಯ ಹಿಡಿ, ಕಿಟಕಿಗಳಿಗೆ ಹಸಿರು ಪರದೆ. ಇಂಜಿನ್ನು ಇನ್ನೂ ಬಂದಿಲ್ಲ, ಆದರೆ ಬೋಗಿಯ ಒಂದು ತುದಿಯ ಪುಟ್ಟ ಕೊಳವೆಯಿಂದ ಹೊಗೆ ಏಳುತ್ತಿದೆ. ಅದು ಅಣ್ಣಯ್ಯಪ್ಪನವರ ಒಲೆ.

ಒಲೆ ಹತ್ತಿದ ಮೇಲೆ ಅಣ್ಣಯ್ಯಪ್ಪ ಬಾಗಿಲಿಗೆ ಬಂದು ಬೆಟ್ಟದ ನರಸಿಂಹನಿಗೆ ಕೈ ಮುಗಿಯುತ್ತಾರೆ. ಆಮೇಲೆ ಬೆಂಕಿಗೆ ಮುಗಿಯುತ್ತಾರೆ. ಕೊನೆಗೆ, ತಲೆಯ ಮೇಲೆ ಹಿತ್ತಾಳೆಯ ಕೊಕ್ಕೆಯಿಂದ ಇಳಿಬಿದ್ದಿರುವ ಕತ್ತಾಳೆ ನಾರಿನ ನೆಲುವಿಗೆ.

"ಏನಣ್ಣಾ, ಮೂರು ದೇವ್ರಿಗೂ ಮುಗಿದೆ. ಹಾಲು ತಂದೋಳಿಗೆ ಒಂದು ಬ್ಯಾಡ್ವಾ?" ಹಳಿಯ ಮಗ್ಗುಲಿಂದ ಕೇಳುವವಳು ಸತ್ಯಮಂಗಲದ ಚಿಕ್ಕಗಂಗಮ್ಮ. ಸಾಹೇಬರ ಬೋಗಿ ಊರಿಗೆ ಬಂದ ದಿನವೆಲ್ಲ ಎಮ್ಮೆ ಹಾಲು ಇವಳದೇ.

"ನೀರೆಷ್ಟು ಬೆರೆಸಿದೀಯ ನೋಡ್ಬುಟ್ಟು ಆಮ್ಯಾಕೆ ಮುಗೀತೀನಿ, ತಡಿಯವ್ವ."

"ನೀರು ಕುಡಿಯೋದು ನಿನ್ನ ಇಂಜಿನ್ನು. ನನ್ನೆಮ್ಮೆ ಹುಲ್ಲು ತಿಂತದೆ."

ಹಾಲು ಕಾಯಲು ಒಲೆ ಏರುತ್ತದೆ. ದಿನವೂ ಈ ಹೊತ್ತಿಗೆ ದೇವರನಾಮ ಗುನುಗುವ ಮನುಷ್ಯ ಇವತ್ತು ಅದನ್ನೂ ಮರೆತಿದ್ದಾರೆ. ಮತ್ತೆಮತ್ತೆ ಸ್ಟೇಷನ್ನಿನ ಗೇಟಿನತ್ತ ನೋಡುತ್ತಾರೆ. ಕುಣಿಗಲ್ಲಿನ ಮೊದಲ ಬಸ್ಸಿಗೆ ಅವರ ತಾಯಿ ಪುಟ್ಟತಾಯಮ್ಮ ಬರಬೇಕು. ಓಡುವ ಗಾಡಿಯಲ್ಲಿ ಮೊಸರು ಹೆಪ್ಪುಗಟ್ಟುತ್ತದೆ ಎಂಬ ಮಗನ ಮಾತನ್ನು ಈ ತಾಯಿ ಇವತ್ತಿನವರೆಗೂ ನಂಬಿಲ್ಲ.

ರೈಲ್ವೆಯ ದೊಡ್ಡ ಅಧಿಕಾರಿಗಳು ಲೈನಿನ ತಪಾಸಣೆಗೆ ಹೊರಟಾಗ ಅವರ ಮನೆ, ಕಚೇರಿ, ಊಟದ ಪಡಸಾಲೆ ಎಲ್ಲವೂ ಈ ಒಂದೇ ಬೋಗಿ. ಗಾಡಿಯ ಬಾಲಕ್ಕೆ ಇದನ್ನು ಕಟ್ಟುತ್ತಾರೆ. ಹಿಂದಿನ ದೊಡ್ಡ ಗಾಜಿನ ಬಳಿ ಕುಳಿತು ಸಾಹೇಬರು ಓಡುವ ಹಳಿಯನ್ನು ನೋಡುತ್ತಾ ಹೋಗುತ್ತಾರೆ. ಈಚೆ ತುದಿಯಲ್ಲಿ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಗೂಡಿನಲ್ಲಿ, ಅಡುಗೆ. ನಡುವೆ ಗಂಟೆಯದೊಂದು ಹಗ್ಗ. ಆಚೆಯಿಂದ ಎಳೆದರೆ ಈಚೆ ಬಾರಿಸುತ್ತದೆ. ಬಾರಿಸಿದ ಕೂಡಲೇ ಓಡಬೇಕು. ಗಾಡಿಯ ಪ್ರಯಾಣಿಕರು ಆ ಹಸಿರು ಪರದೆಯನ್ನು ಬೆರಗಿನಿಂದ ನೋಡುತ್ತಾರೆ. ಪರದೆಯೇ ಇಲ್ಲದ ಕೊನೆಯ ಕಿಟಕಿಯನ್ನು ಯಾರೂ ನೋಡುವುದಿಲ್ಲ.

ಅಣ್ಣಯ್ಯಪ್ಪನವರ ಊರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ. ಅತ್ತ ಕಡೆ ಹಳಿಯೇ ಇಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ತುಮಕೂರಿಗೆ ನಡೆದು ಬಂದಾಗಲೇ ಅವರು ರೈಲು ಕಂಡದ್ದು. "ಉಸ್ ಅಂತ ಉಸಿರು ಬುಡ್ತಲ್ಲ, ಜೀವ ಇರೋ ಪ್ರಾಣಿ ಅಂದ್ಕೊಂಡು ಕೈ ಮುಗ್ದೆ," ಎಂದು ನಗುತ್ತಾರೆ. ಇಂಜಿನ್ನಿನ ಬೂದಿ ಎಳೆದರು, ಕಲ್ಲಿದ್ದಲು ಹೊತ್ತರು. ಬಿಳಿಯ ಸಾಹೇಬರ ಕಾಲದ ಮುದಿ ಬಟ್ಲರನೊಬ್ಬ ಪಾತ್ರೆ ಉಜ್ಜಲು ಒಳಗೆ ಕರೆದ. ಕುಲುಕುವ ನೆಲದ ಮೇಲೆ ಕಾಲು ಅಗಲಿಸಿ ನಿಲ್ಲುವುದು, ಮೇಜಿಗೆ ಒದ್ದೆ ಬಟ್ಟೆ ಹಾಸಿ ತಟ್ಟೆ ಜಾರದಂತೆ ಇಡುವುದು, ಲೋಟಕ್ಕೆ ಅರ್ಧ ಮಾತ್ರ ಬಗ್ಗಿಸುವುದು, ಎಲ್ಲವನ್ನೂ ಅವನಿಂದ ಕಲಿತರು.

ದೇಶ ಸ್ವತಂತ್ರವಾಯಿತು. ಬಿಳಿಯರು ಹಡಗು ಹತ್ತಿದರು. ಬೋಗಿ ಅದೇ, ಬೀರುವಿನಲ್ಲಿ ಪುಡಿಂಗಿನ ಅಚ್ಚುಗಳೂ ಅವೇ. ಆದರೆ ಗಾಜಿನ ಬಳಿ ಈಗ ಕೂತವರು ನಮ್ಮವರು. ಅವರಿಗೆ ಬೇಕಾದದ್ದು ಅನ್ನ, ಸಾರು, ಕೊನೆಗೊಂದು ಗಟ್ಟಿ ಮೊಸರಿನ ತುತ್ತು. ಆ ತುತ್ತಿನಲ್ಲೇ ಅಡುಗೆಯವರೆಲ್ಲ ಎಡವಿದರು. ಬೆಳಿಗ್ಗೆ ಹೆಪ್ಪು ಹಾಕಿಟ್ಟ ಹಾಲು ಗಾಡಿಯ ಕುಲುಕಾಟಕ್ಕೆ ಒಡೆದು, ಮಧ್ಯಾಹ್ನದ ಹೊತ್ತಿಗೆ ಕುಡಿಕೆಯಲ್ಲಿ ನೀರು ಒಂದು ಕಡೆ, ಚೂರು ಒಂದು ಕಡೆ. ಮುದಿ ಬಟ್ಲರ್ ಮನೆಗೆ ಹೋದ ಮೇಲೆ ಬಂದ ಇಬ್ಬರು ಅಡುಗೆಯವರು ಈ ಮೊಸರಿನ ದೆಸೆಯಿಂದಲೇ ಬೋಗಿ ಇಳಿದರು.

ಆಗ ಅಣ್ಣಯ್ಯಪ್ಪ ಇನ್ನೂ ದಿನಗೂಲಿಯ ಪಾತ್ರೆಯಾಳು. ಊರಿಗೆ ಹೋದಾಗ, ಒಲೆಯ ಮೇಲಿನ ಜಂತೆಗೆ, ಬೆಕ್ಕಿಗೆ ಎಟುಕದಂತೆ, ಹಾಲುಮೊಸರಿನ ಕುಡಿಕೆಗಳನ್ನು ಹೊತ್ತು ತೂಗುತ್ತಿದ್ದ ಅವ್ವನ ನೆಲುವು ಕಣ್ಣಿಗೆ ಬಿತ್ತು. ಅವ್ವನ ತಲೆ ತಾಕಿದಾಗೆಲ್ಲ ನೆಲುವು ಅಲ್ಲಾಡುತ್ತದೆ, ಒಳಗಿನ ಮೊಸರು ಅಲ್ಲಾಡುವುದಿಲ್ಲ. ಅವರು ಆ ದಿನ ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದರಂತೆ.

"ಅವ್ವಾ, ಇದ ನಂಗೆ ಕೊಡು. ಸಾಹೇಬ್ರ ಗಾಡಿಗೆ ಕಟ್ತೀನಿ."

"ಯಾಕ್ಲಾ, ಸಾಹೇಬ್ರ ಗಾಡೀಲೂ ಬೆಕ್ಕಿನ ಕಾಟವಾ?" ಎಂದು ಪುಟ್ಟತಾಯಮ್ಮ ಬಿದ್ದು ಬಿದ್ದು ನಕ್ಕರು. ಕೊಟ್ಟರು ನಿಜ. ಸಾಹೇಬರ ಗಾಡಿಯ ಬೆಕ್ಕಿನ ಕತೆಯನ್ನು ಹಳ್ಳಿಗೆಲ್ಲ ಹೇಳಿಕೊಂಡು ಬಂದದ್ದೂ ನಿಜ.

ಐವತ್ತಾರರ ಬೇಸಿಗೆ. ಅಡುಗೆಯವನ ಕಾಯಂ ಜಾಗ ಖಾಲಿ ಇತ್ತು. ತುಮಕೂರಿನಿಂದ ಗುಬ್ಬಿಯತ್ತ ತಪಾಸಣೆಯ ವಿಶೇಷ ಗಾಡಿ ಹೊರಡುವುದಿತ್ತು. ಆ ದಿನದ ಊಟ ಒಪ್ಪಿಗೆಯಾದರೆ ಅಣ್ಣಯ್ಯಪ್ಪ ಕಾಯಂ, ಇಲ್ಲವಾದರೆ ಮತ್ತೆ ಬೂದಿಯ ಗುಂಡಿ. ಅವರು ಬೆಳಗಿನಲ್ಲೇ ಹಾಲಿಗೆ ಹೆಪ್ಪಿಟ್ಟು, ನೆಲುವಿಗೆಂದು ಮೊಳೆ ಬಡಿಯಲು ಕೈ ಎತ್ತಿದಾಗ ಬೋಗಿಗಳ ಇನ್ಸ್‌ಪೆಕ್ಟರು ಸುಬ್ಬಕೃಷ್ಣ ಒಳಗೆ ಬಂದರು. ತೇಗದ ಹಲಗೆಗೆ ಒಂದು ಗೀರು ಬಿದ್ದರೂ ಮೈಗೆ ಬಿದ್ದಂತೆ ನೋಯುವ ಮನುಷ್ಯ.

"ಸರ್ಕಾರದ ಗಾಡಿಗೆ ಮೊಳೆ ಹೊಡೀತೀಯೇನಯ್ಯ? ತೆಗಿ ಆ ಹಗ್ಗ."

ಹಗ್ಗ ಇಳಿಯಿತು. ಸೀಟಿ ಊದಿತು. ಅಣ್ಣಯ್ಯಪ್ಪ ಬೆಟ್ಟದತ್ತ ತಿರುಗಿದರು. "ನರಸಿಂಹಸ್ವಾಮಿ, ನೀನೇ ಕಂಬದಾಗಿಂದ ಬಂದೋನು. ನಾನೂ ಒಂದು ಕಂಬ ಆಯ್ತೀನಿ ಬುಡು ಅಂದೆ," ಎನ್ನುತ್ತಾರೆ ಈಗ. ಕುಡಿಕೆಯನ್ನು ನೆಲುವಿನೊಳಗಿಟ್ಟು, ನೆಲುವಿನ ಕುಣಿಕೆಯನ್ನು ಬಲಗೈಗೆ ಸಿಕ್ಕಿಸಿ, ಕೈ ಚಾಚಿ ನಿಂತುಬಿಟ್ಟರು.

"ಮೊಳೆ ಬ್ಯಾಡ ಅಂದ್ರು. ಕೈ ಬ್ಯಾಡ ಅನ್ನಲಿಲ್ಲವಲ್ಲ."

ವಿಶೇಷ ಗಾಡಿ ಸೇತುವೆ ಸೇತುವೆಗೂ ನಿಲ್ಲುತ್ತದೆ. ನಿಂತಾಗ ಕುಡಿಕೆಯನ್ನು ಮೆಲ್ಲಗೆ ಕೆಳಗಿಟ್ಟು ಸಾರಿಗೆ ಒಗ್ಗರಣೆ, ಹೊರಟಾಗ ಮತ್ತೆ ಕೈಗೆ ನೆಲುವು. ಹೀಗೇ ಸಾಗುತ್ತಿರಲು, ಗಾಡಿ ಓಡುವಾಗಲೇ ಗಂಟೆ ಬಾರಿಸಿತು. ಆಳಾದವನು ಗಂಟೆಗೆ ಓಗೊಡದಿದ್ದರೆ ಅವನ ಕತೆ ಮುಗಿದಂತೆ. ಅಣ್ಣಯ್ಯಪ್ಪ ಅಲ್ಲಾಡಲಿಲ್ಲ. ಇನ್ನೊಮ್ಮೆ ಬಾರಿಸಿತು. ಕಣ್ಣಿನಿಂದ ನೀರು ಇಳಿಯಿತು, ಕೈ ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ಸರಿಯಿತು. ಸಾಹೇಬರೇ ಬಂದು ನಿಂತಿದ್ದರು.

"ಏನಯ್ಯ ಇದು?"

"ಮೊಸರು, ಸ್ವಾಮಿ."

"ಕೆಳಗಿಡೋದಕ್ಕೆ ಏನು?"

"ಕೆಳಗಿಟ್ರೆ ಮಜ್ಜಿಗೆ ಆಯ್ತದೆ, ಸ್ವಾಮಿ."

ಸಾಹೇಬರು ಅವರ ಮುಖ ನೋಡಿದರು, ಕೈ ನೋಡಿದರು, ತಾವೇ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ಹೋದರು. ಕೇಳಲು ಬಂದಿದ್ದು ನೀರೋ, ಇನ್ನೇನೋ, ಅಣ್ಣಯ್ಯಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಗುಬ್ಬಿಯಲ್ಲಿ ಬೋಗಿಯನ್ನು ಪಕ್ಕದ ಹಳಿಗೆ ತಳ್ಳುವಾಗ ಇಂಜಿನ್ನು ಕೊಟ್ಟ ಧಕ್ಕೆಗೆ ಬೀರುವಿನ ಪಿಂಗಾಣಿಯೆಲ್ಲ ಗಲಗಲ ಎಂದಿತು. ಕಂಬ ನಿಂತೇ ಇತ್ತು.

ಮಧ್ಯಾಹ್ನ ಮೇಜಿನ ಮೇಲೆ ಕುಡಿಕೆ ಇಟ್ಟು ಸೌಟು ಹಾಕಿದರೆ, ಮೊಸರು ಗಡ್ಡೆಗಡ್ಡೆಯಾಗಿ ಎದ್ದು ಬಂತು. ಸಾಹೇಬರು ಬಾಯಿಬಿಟ್ಟು ಹೊಗಳಲಿಲ್ಲ. "ಇನ್ನಷ್ಟು ಹಾಕು," ಎಂದರು. ಅದಾದ ಮೇಲೆ, "ಇನ್ನೊಂದಿಷ್ಟು." ಎಲೆಯ ಮುಂದೆ ಕುಳಿತೇ ಸುಬ್ಬಕೃಷ್ಣರನ್ನು ಕರೆಸಿ ಹೇಳಿದ್ದು ಒಂದೇ ಮಾತು: "ಆ ಮನುಷ್ಯನ ಕೈಗೆ ಬದಲಾಗಿ ಒಂದು ಕೊಕ್ಕೆ ಹಾಕಿಸಿ. ಮನುಷ್ಯನನ್ನ ಕಾಯಂ ಮಾಡಿಸಿ."

ಅಂದು ಹಗ್ಗ ತೆಗೆಸಿದ ಸುಬ್ಬಕೃಷ್ಣರೇ ಒಳ್ಳೆಯ ಹಿತ್ತಾಳೆ ಆರಿಸಿ, ತಾವೇ ನಿಂತು ಕೊಕ್ಕೆ ತಿರುಪಿಸಿದರು. ಇವತ್ತಿಗೂ ಬೋಗಿ ಪರೀಕ್ಷೆಗೆ ಬಂದಾಗ ಚಕ್ರಕ್ಕಿಂತ ಮೊದಲು ಅದನ್ನು ಎಳೆದು ನೋಡುತ್ತಾರೆ. "ಬೆರಳಿಟ್ಟು ಜೋತು ಬೀಳಬಹುದು ಕಣ್ರೀ," ಎನ್ನುತ್ತಾರೆ, ತಮ್ಮ ಸೊಂಟದ ಸುತ್ತಳತೆಯನ್ನು ಮರೆತು. ಅಣ್ಣಯ್ಯಪ್ಪನವರ ಮಾತು ಚಿಕ್ಕದು: "ಸೇವೆ ಅಂದ್ರೆ ಇಷ್ಟೇಯ. ನಾವು ಅಲ್ಲಾಡಿದ್ರೂ, ಹೊತ್ಕಂಡಿರೋದು ಅಲ್ಲಾಡಬಾರದು."

ಗೇಟಿನ ಬಳಿ ಕೆಂಪು ಸೀರೆಯೊಂದು ಕಾಣುತ್ತದೆ. ಪುಟ್ಟತಾಯಮ್ಮ ಬಂದರು. ಬೋಗಿಯನ್ನು ಪ್ಲಾಟ್‌ಫಾರಂವರೆಗೆ ತಂದು ಗಾಡಿಗೆ ಕಟ್ಟುವಷ್ಟು ಹೊತ್ತು ತಾಯಿ ಒಳಗಿರಲಿ ಎಂದು ಸಾಹೇಬರಿಂದ ಒಪ್ಪಿಗೆ ತಂದವರು ಸುಬ್ಬಕೃಷ್ಣ. "ಯಾರಾದ್ರೂ ಕೇಳಿದ್ರೆ, ಕೊಕ್ಕೆ ಪರೀಕ್ಷೆಗೆ ಬಂದಿರೋ ದೊಡ್ಡ ಇನ್ಸ್‌ಪೆಕ್ಟರು ಅಂತ ಹೇಳ್ತೀನಿ ತಾಯಿ, ಹತ್ತಿ," ಎಂದು ಕೈ ಕೊಡುತ್ತಾರೆ. ಮುದುಕಿ ಹುಟ್ಟಿದಂದಿನಿಂದ ರೈಲು ಹತ್ತಿದವರಲ್ಲ. ಮಖಮಲ್ಲಿನ ಕುರ್ಚಿ, ಆಳೆತ್ತರದ ಕನ್ನಡಿ ಎಲ್ಲ ದಾಟಿ ನೇರ ಅಡುಗೆ ಗೂಡಿಗೆ ಬರುತ್ತಾರೆ. ತಲೆ ಎತ್ತುತ್ತಾರೆ.

ತಾವೇ ಹೆಣೆದ ನೆಲುವು. ಅದರೊಳಗೆ, ನಿನ್ನೆ ಅರಸೀಕೆರೆಯಿಂದ ಬರುವಾಗ ದಾರಿಯಲ್ಲೇ ಹೆಪ್ಪಾದ ಮೊಸರು.

"ನಿಂತ ಗಾಡೀಲಿ ನಮ್ಮ ಬೆಕ್ಕೂ ಮೊಸರು ಮಾಡ್ತದೆ. ಓಡ್ಸು ನೋಡಾನ," ಎನ್ನುತ್ತಾರೆ.

ಇಂಜಿನ್ನು ಬಂದು ತಾಕುತ್ತದೆ. ಪಿಂಗಾಣಿ ಗಲಗಲ ಎನ್ನುತ್ತದೆ, ಒಲೆಯ ಮೇಲಿನ ಮುಚ್ಚಳ ಕುಣಿಯುತ್ತದೆ, ಪುಟ್ಟತಾಯಮ್ಮ "ಶಿವನೇ" ಎಂದು ಮಗನ ತೋಳು ಹಿಡಿಯುತ್ತಾರೆ. ಬೋಗಿ ಚಲಿಸುತ್ತದೆ. ಕಿಟಕಿಯಾಚೆ ಗೂಡ್ಸ್ ಶೆಡ್ಡು, ನೀರಿನ ತೊಟ್ಟಿ, ಕೈ ಬೀಸುವ ಚಿಕ್ಕಗಂಗಮ್ಮ ಎಲ್ಲ ಒಂದೊಂದಾಗಿ ಹಿಂದೆ ಸರಿಯುತ್ತವೆ. ಮುದುಕಿ ಅತ್ತ ನೋಡುವುದಿಲ್ಲ. ನೆಲುವು ಆಚೆ ಹೋಗುತ್ತದೆ, ಈಚೆ ಬರುತ್ತದೆ. ಅವರು ತುದಿಗಾಲಲ್ಲಿ ನಿಂತು ಕುಡಿಕೆಯೊಳಗೆ ಇಣುಕುತ್ತಾರೆ. ಕೆನೆಯ ಮೇಲೆ ಒಂದು ಗೆರೆಯೂ ಇಲ್ಲ.

ಪ್ಲಾಟ್‌ಫಾರಂ ಬಂದು ಬೋಗಿ ನಿಂತ ಮೇಲೂ ಅವರು ಮಗನ ತೋಳು ಬಿಟ್ಟಿಲ್ಲ. ಅದು ಬಲದ ತೋಳು. ಒಮ್ಮೆ ಅದನ್ನು ಮೇಲಿನಿಂದ ಕೆಳಗೆ ಸವರುತ್ತಾರೆ.

"ಬೆಕ್ಕು ಇಲ್ದೆ ಇದ್ರೂ ನೆಲುವು ಬೇಕು ಕಣ್ಲಾ," ಎನ್ನುತ್ತಾರೆ. "ಊರಿಗೋಗಿ ಹೇಳ್ತೀನಿ ಬುಡು."