ಅಳಿಸದೆ ಉಳಿದ ಆರುನೂರ ಹನ್ನೆರಡು ಮದುವೆ

ಬೆಳಗಿನ ಆರು ಗಂಟೆ. ನಾಗಮಂಗಲದ ಬಸ್ ಸ್ಟ್ಯಾಂಡ್ ಹಿಂದಿನ ಡಿಟಿಪಿ ಅಂಗಡಿಯ ಷಟರು ಅರ್ಧ ಮಾತ್ರ ಎದ್ದಿದೆ. ಒಳಗೆ ನಿಂಗರಾಜು ಕಂಪ್ಯೂಟರಿನ ಡಬ್ಬಕ್ಕೆ ಕಿವಿಗೊಟ್ಟು ಕೂತಿದ್ದಾರೆ. ಯಾರೂ ಯಾವ ಗುಂಡಿಯನ್ನೂ ಒತ್ತಿಲ್ಲ. ಆದರೂ ಒಳಗಿನ ಕರಕರ ಸದ್ದು ನಿಲ್ಲುತ್ತಿಲ್ಲ, ಮುಂದಿನ ಕೆಂಪು ದೀಪ ಆರುತ್ತಿಲ್ಲ. ಬೇಸಿಗೆಯಲ್ಲವೇ, ಒಂಬತ್ತಕ್ಕೆಲ್ಲ ಕರೆಂಟು ಹೋಗಿಬಿಡುತ್ತದೆ. ಬಸ್ಸಿಗೆ ಕಾದರೆ ಕೆಲಸ ಕೆಟ್ಟಿತು ಎಂದು ಹಾಲಿನ ವ್ಯಾನು ಹತ್ತಿ ಬಂದಿದ್ದಾರೆ.

ಹೊರಗಿನ ಬೆಂಚಿನ ಮೇಲೆ ಬೋರಯ್ಯ ಎಂಬ ಹಿರಿಯರು ಮುಖ ಊದಿಸಿಕೊಂಡು ಕೂತಿದ್ದಾರೆ. ಮಗಳ ಲಗ್ನಪತ್ರಿಕೆ ಮಾಡಲು ಕೊಟ್ಟು ಆರು ದಿನವಾಯಿತು. ಇವತ್ತು ಕೈಗೆ ಸಿಗದಿದ್ದರೆ ಮೈಸೂರಿಗೆ ಹೋಗಿ ಮಾಡಿಸಿಕೊಳ್ಳುತ್ತೇನೆ ಎಂದು ಆಗಲೇ ಎರಡು ಸಲ ಹೇಳಿದ್ದಾರೆ. ಅವರದೂ ತಪ್ಪಲ್ಲ, ಹೆಣ್ಣು ಹೆತ್ತವರು.

ಬಾಬುರಾಯನಕೊಪ್ಪಲಿನ ನಿಂಗರಾಜುಗೆ ಈಗ ನಲವತ್ತಾರು. ಇಪ್ಪತ್ತು ವರ್ಷ ಟೈಪ್‌ರೈಟರ್ ರಿಪೇರಿ ಮಾಡಿಕೊಂಡಿದ್ದವರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ಊರುಗಳ ಕಚೇರಿ, ಟೈಪಿಂಗ್ ಸ್ಕೂಲುಗಳಲ್ಲಿ ಅವರ ಕೈ ಸೋಕದ ಮಿಷನ್ನು ಇರಲಿಲ್ಲ. ಆಮೇಲೆ ಒಂದೊಂದೇ ಟೈಪ್‌ರೈಟರಿಗೆ ಮುಸುಕು ಬಿತ್ತು. ಮುಸುಕು ಬಿದ್ದದ್ದು ಮತ್ತೆ ಏಳಲಿಲ್ಲ. "ನಾನೂ ಮುಸುಕಾಕ್ಕೊಂಡು ಮನೀಕೊಂಡ್ರೆ ಮನೇಲಿ ಒಲೆ ಉರೀತದಾ ಸಾ?" ಎನ್ನುತ್ತಾರೆ. ನಲವತ್ತು ದಾಟಿದ ಮೇಲೆ ಮೈಸೂರಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಎಂಟು ತಿಂಗಳು ಧೂಳು ಹೊಡೆಯುತ್ತಲೇ ಕೆಲಸ ಕಲಿತರು. ಮಗನ ವಯಸ್ಸಿನವರು 'ಲೇ ನಿಂಗ' ಎಂದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇವತ್ತು ನಾಲ್ಕು ತಾಲ್ಲೂಕಿನ ಮೂವತ್ತೊಂದು ಕಂಪ್ಯೂಟರುಗಳು ಅವರನ್ನು ನಂಬಿಕೊಂಡಿವೆ. ದಿನಕ್ಕೆ ನಾಲ್ಕು ಬಸ್ಸು ಬದಲಿಸುತ್ತಾರೆ. ಮಧ್ಯಾಹ್ನದ ಊಟ ಒಮ್ಮೊಮ್ಮೆ ಚಿನಕುರಳಿಯ ಬಸ್ಸಿನ ಸೀಟಿನಲ್ಲೇ ಮುಗಿಯುತ್ತದೆ. ಮನೆಯಲ್ಲಿ ಫೋನಿಲ್ಲ, ಪಕ್ಕದ ಎಸ್‌ಟಿಡಿ ಬೂತಿನ ನಂಬರೇ ಅವರ ವಿಳಾಸ. ಕಂಪ್ಯೂಟರ್ ಕಲಿತು ಐದು ವರ್ಷವಾದರೂ ಜನ ಕರೆಯುವುದು ಮಾತ್ರ ಟೈಪ್‌ರೈಟರ್ ನಿಂಗರಾಜಣ್ಣ ಎಂದೇ.

ನಾಗಮಂಗಲದ ಈ ಅಂಗಡಿ ಸುನಿತಾ ಎಂಬ ಹೆಣ್ಣುಮಗಳದು. ವಯಸ್ಸು ಮೂವತ್ತು. ಗಂಡ ಶಿವಶಂಕರ್ ಮದುವೆಯಾದ ವರ್ಷದೊಳಗೇ ಕಾಯಿಲೆ ಬಿದ್ದು ತೀರಿಕೊಂಡರು. ಮದುವೆ ಕಾರ್ಡೇ ಆಕೆಯ ಅನ್ನ. ಕಳೆದ ತಿಂಗಳು ಆಕೆಯ ಕಂಪ್ಯೂಟರಿಗೆ ಹಳೆಯ ವ್ಯವಸ್ಥೆಯನ್ನು ತೆಗೆದು ವಿಂಡೋಸ್ ತೊಂಬತ್ತೈದು ಹಾಕಿದವರು ನಿಂಗರಾಜು. ಇರುವುದೇ ಸಾಕಲ್ಲಣ್ಣ ಎಂದು ಆಕೆ ಹಿಂದೆ ಸರಿದಿದ್ದರು. ಭಯಪಡಬೇಡ, ಕೆಲಸ ಸಲೀಸಾಗುತ್ತದೆ ಎಂದು ಮಾತು ಕೊಟ್ಟು ಹಾಕಿಸಿದ್ದು ಇವರೇ.

ಆದದ್ದು ಉಲ್ಟಾ. ಪುಟ ಜೋಡಿಸುವ ಸಾಫ್ಟ್‌ವೇರ್ ತೆರೆಯಲು ಆರು ನಿಮಿಷ. ಒಂದು ಸಾಲು ಅತ್ತಿತ್ತ ಸರಿಸಿದರೆ ಎದ್ದು ಹೋಗಿ ಕಾಫಿ ಕುಡಿದು ಬರಬಹುದು. ಗಿರಾಕಿಗಳು ಮಿಷನ್ನನ್ನು ಬೈಯುವುದಿಲ್ಲ, ಆಕೆಗೆ ಕೈ ಓಡುವುದಿಲ್ಲ ಎನ್ನುತ್ತಾರೆ. ಲಗ್ನದ ಕಾಲದಲ್ಲೇ ನಾಲ್ಕು ಮನೆಯವರು ಮೈಸೂರಿನ ದಾರಿ ಹಿಡಿದರು. ಹೀಗೇ ಆದರೆ ತಿಂಗಳ ಕೊನೆಗೆ ಷಟರು ಎಳೆದು ತವರಿಗೆ ಹೋಗುತ್ತೇನೆ ಎಂದು ಸುನಿತಾ ಫೋನಿನಲ್ಲಿ ಹೇಳಿದರು.

ಹಿಂದೆ ಎರಡು ಸಲ ಬಂದು ತಿಳಿದದ್ದನ್ನೆಲ್ಲ ಮಾಡಿ ನೋಡಿದ್ದಾರೆ. ಫ್ಯಾನಿನ ಧೂಳು ತೆಗೆದರು. ಬೇಡದ ಇನ್ನೂರು ಫಾಂಟು ತೆಗೆದರು. ಪರದೆಯ ಮೇಲಿದ್ದ ದೇವರ ಪಟವನ್ನೂ, ಕ್ಷಮೆ ಕೇಳಿಕೊಂಡು, ತೆಗೆದರು. ಜಪ್ಪಯ್ಯ ಅಂದರೂ ಮಿಷನ್ನು ಜಗ್ಗಲಿಲ್ಲ. ಆ ಬೆಳಗ್ಗೆ ಕರಕರ ಸದ್ದಿಗೆ ಕಿವಿಗೊಟ್ಟ ಮೇಲೆ ಏನೋ ಹೊಳೆಯಿತು. ಡಿಸ್ಕಿನಲ್ಲಿ ಖಾಲಿ ಜಾಗ ಎಷ್ಟಿದೆ ಎಂದು ನೋಡಿದರು. ಅಯ್ಯೋ, ಎಳ್ಳಷ್ಟೂ ಇಲ್ಲ!

ಹಳೆಯ ವ್ಯವಸ್ಥೆಗೆ ಖಾಲಿ ಜಾಗದ ಹಂಗು ಅಷ್ಟಿರಲಿಲ್ಲ. ಹೊಸದು ಹಾಗಲ್ಲ, ಮೆಮೊರಿ ಸಾಲದೆ ಬಂದಾಗ ಡಿಸ್ಕಿನ ಖಾಲಿ ಜಾಗದಲ್ಲೇ ಅರ್ಧ ಕೆಲಸ ಮಾಡಿಕೊಳ್ಳುತ್ತದೆ. ಕಣದ ತುಂಬ ಮೆದೆ ಒಟ್ಟಿಟ್ಟರೆ ರಾಗಿ ಬಡಿಯುವುದೆಲ್ಲಿ? ಇಲ್ಲಿ ಒಟ್ಟಿದ್ದ ಮೆದೆ ಮದುವೆ ಕಾರ್ಡುಗಳದು. ಅಂಗಡಿ ತೆರೆದ ದಿನದಿಂದ ಮಾಡಿದ ಆರುನೂರ ಹನ್ನೆರಡು ಕಾರ್ಡು, ಒಂದನ್ನೂ ಅಳಿಸಿಲ್ಲ.

ಹಳೆಯವನ್ನು ಅಳಿಸಿಬಿಡೋಣವೇ ಎಂದು ಕೇಳಿದ್ದೇ ತಡ, ಪಕ್ಕದಲ್ಲೇ ನಿಂತಿದ್ದ ಸುನಿತಾ ಅವರ ಮುಖ ಕಪ್ಪಿಟ್ಟಿತು. ಮದುವೆಯನ್ನು ಅಳಿಸುವುದು ಅಶುಭ ಎಂದರು. ಆಮೇಲೆ ಉಳಿದದ್ದನ್ನೂ ಹೇಳಿದರು. ಮೈಸೂರಿನಲ್ಲಿ ಡಿಟಿಪಿ ಕಲಿಯುವಾಗ ಆಕೆ ಮಾಡಿದ ಮೊದಲ ಕಾರ್ಡು ತನ್ನದೇ ಮದುವೆಯದು. ಜಾಗ ಬೇಕೆಂದು ಮೇಷ್ಟ್ರು ಹೇಳಿದ್ದಕ್ಕೆ ತಾನೇ ಅಳಿಸಿದ್ದರು. ಅದಾಗಿ ತಿಂಗಳಿಗೆ ಗಂಡ ಹಾಸಿಗೆ ಹಿಡಿದರು.

"ಅದ್ಕೂ ಇದ್ಕೂ ಸಂಬಂಧ ಇಲ್ಲ ಅಂತ ನಂಗೂ ಗೊತ್ತು ಕಣಣ್ಣ. ಆದ್ರೂ ಕೈ ಬರಾಕಿಲ್ಲ" ಎಂದು ಹೇಳಿ, ಕಾಫಿ ತರುತ್ತೇನೆಂದು ಹೊರಗೆ ಹೋದರು.

ಆಗ ಅಂಗಡಿಯಲ್ಲಿ ನಿಂಗರಾಜು ಒಬ್ಬರೇ. ನೂರು ಹಳೆಯ ಕಾರ್ಡನ್ನು ಒರೆಸಿಹಾಕಲು ಒಂದು ನಿಮಿಷ ಸಾಕು. ಆಕೆಗೆ ಗೊತ್ತೂ ಆಗುವುದಿಲ್ಲ. ಬೋರಯ್ಯನವರ ಪತ್ರಿಕೆ ಮುಗಿಯುತ್ತದೆ, ಅಂಗಡಿ ಉಳಿಯುತ್ತದೆ, ಕೊಟ್ಟ ಮಾತೂ ನಿಲ್ಲುತ್ತದೆ. ಕೈ ಅಳಿಸುವ ಗುಂಡಿಯ ತನಕ ಹೋಗಿತ್ತು ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ಮುಚ್ಚಿಡುವ ಮನುಷ್ಯರಲ್ಲ.

ಸುನಿತಾ ಬರುವಷ್ಟರಲ್ಲಿ ನಿಂಗರಾಜು ಬ್ಯಾಗಿನಿಂದ ಫ್ಲಾಪಿಗಳ ಡಬ್ಬ ತೆಗೆದು ಮೇಜಿನ ಮೇಲೆ ಜೋಡಿಸಿದ್ದರು. ಜಾಗ ನೋಡದೆ ಹೊಸದನ್ನು ಹಾಕಿದ ತಪ್ಪು ತನ್ನದೇ ಎಂದು ಮೊದಲು ಹೇಳಿದರು. ಆಮೇಲೆ ಹಳೆಯ ಕಾರ್ಡುಗಳನ್ನು ಕಡಿಮೆ ಜಾಗ ಹಿಡಿಯುವಂತೆ ಒತ್ತೊತ್ತಾಗಿ ಮಡಿಸಿ ಫ್ಲಾಪಿಗೆ ತುಂಬತೊಡಗಿದರು. ಫ್ಲಾಪಿಯನ್ನು ನಂಬುವ ಹಾಗಿಲ್ಲ, ಹಾಗಾಗಿ ಎಲ್ಲಕ್ಕೂ ಎರಡೆರಡು ಪ್ರತಿ. ತುಂಬಿದ ಮೊದಲ ಫ್ಲಾಪಿಯಿಂದಲೇ ಒಂದು ಕಾರ್ಡು ತೆರೆದು ಸುನಿತಾಗೆ ತೋರಿಸಿದರು. ಹುಡುಗಿಯ ಹೆಸರು, ಮುಹೂರ್ತ, ಮೂಲೆಯ ಗಣಪತಿ, ಎಲ್ಲ ಇದ್ದ ಹಾಗೇ ಇತ್ತು.

"ಮದ್ವೆ ಆದ್ಮೇಲೆ ಹೆಣ್ಣ ತವರಲ್ಲೇ ಕೂರುಸ್ಕೊಂಡಿರ್ತೀವೇನವ್ವಾ? ಒಪ್ಸಿ ಕಳುಸ್ಕೊಡ್ತೀವಿ. ಇದೂ ಅಂಗೇ ಅನ್ಕೊ. ಇಲ್ಲಿಂದ ಹೋದ್ರೂ ಚೆನ್ನಾಗವ್ಳೆ, ನೋಡು."

ಸುನಿತಾ ಪರದೆಯ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದರು. ಕೊನೆಗೆ, ನೀವೇ ಒತ್ತಿ ಅಣ್ಣ, ನನ್ನಿಂದಾಗದು ಎಂದು ಮುಖ ತಿರುಗಿಸಿಕೊಂಡರು. ಫ್ಲಾಪಿ ಸೇರಿದ ಕಾರ್ಡುಗಳನ್ನು ಡಿಸ್ಕಿನಿಂದ ತೆಗೆಯುವ ಗುಂಡಿಯನ್ನು ನಿಂಗರಾಜು ಒತ್ತಿದರು. ಹಾಗೆ ಆ ಬೆಳಗ್ಗೆ ಎಂಬತ್ತು ಮದುವೆಗಳನ್ನು ಕಳಿಸಿಕೊಟ್ಟ ಹೊತ್ತಿಗೆ ಕರಕರ ನಿಂತು, ಕೆಂಪು ದೀಪ ಆರಿತು. ಕರೆಂಟು ಹೋಗಲು ಹತ್ತು ನಿಮಿಷವಿದೆ ಎನ್ನುವಾಗ ಬೋರಯ್ಯನವರ ಪತ್ರಿಕೆ ಪ್ರಿಂಟರಿನಿಂದ ಹೊರಬಂತು. ಅವರ ಮುಖದ ಊತವೂ ಇಳಿಯಿತು.

ಉಳಿದ ಮದುವೆಗಳಿಗಾಗಿ ನಿಂಗರಾಜು ಇನ್ನೂ ಮೂರು ಬೆಳಗು ಹಾಲಿನ ವ್ಯಾನು ಹತ್ತಿದರು. ಎಂಬತ್ತನಾಲ್ಕು ಫ್ಲಾಪಿ, ಪ್ರತಿಯೊಂದನ್ನೂ ತೆರೆದು ನೋಡಿಯೇ ಡಬ್ಬಕ್ಕೆ ಹಾಕಿದ್ದು. ಒಂದು ಸೆಟ್ಟು ಸುನಿತಾ ಅವರ ಬೀರುವಿನಲ್ಲಿದೆ, ಇನ್ನೊಂದು ಬಾಬುರಾಯನಕೊಪ್ಪಲಿನ ಇವರ ಮನೆಯ ಅಟ್ಟದ ಮೇಲಿದೆ. ಐದು ನಿಮಿಷದ ಕೆಲಸಕ್ಕೆ ನಾಲ್ಕು ದಿನವೇ ಎಂದು ಮೈಸೂರಿನ ಅಂಗಡಿಯ ಹುಡುಗರು ಇವರನ್ನು ಈಗಲೂ ಆಡಿಕೊಳ್ಳುತ್ತಾರೆ. ಇವರೂ ನಗುತ್ತಾರೆ.

ಸುನಿತಾ ಷಟರು ಎಳೆಯಲಿಲ್ಲ. ಹೋದ ವಾರ ಬೂತಿಗೆ ಅವರ ಫೋನು ಬಂತು. ಮತ್ತೆ ಏನು ಕೆಟ್ಟಿತೋ ಎಂದು ನಿಂಗರಾಜು ಊಟದ ಕೈಯಲ್ಲೇ ಎದ್ದು ಓಡಿದರು.

"ಏನೂ ಕೆಟ್ಟಿಲ್ಲ ಕಣಣ್ಣ ಅಂದ್ಲು ಸಾ. ಬೋರಯ್ಯನ ಮಗಳ ಮದ್ವೆ ಚೆನ್ನಾಗಾಯ್ತಂತೆ. ಆ ಮಗೀನ ಕಾರ್ಡ ಫ್ಲಾಪಿಗಾಕಿ, ಇವತ್ತು ನಾನೇ ಒತ್ತಿ ಕಳುಸ್ಕೊಟ್ಟೆ ಅಂದ್ಲು. ಮಿಸನ್ನು ರಿಪೇರಿ ಮಾಡೋರು ಬೇಕಾದಷ್ಟು ಜನ ಅವ್ರೆ. ಆ ಫೋನು ನಂಗೆ ಬಂತಲ್ಲ, ಅಷ್ಟು ಸಾಕು ಬುಡಿ."